ತೊಟ್ಟು ಬಿಡಿಸಿದ ಒಣದ್ರಾಕ್ಷಿ

ಹೈದರಾಬಾದ್
೨೬ ಏಪ್ರಿಲ್ ೨೦೨೪

ಚಿರಂಜೀವಿ ಹಣಮಂತರಾಯನಿಗೆ ವಾಸಂತಿ ಅಕ್ಕನ ಆಶೀರ್ವಾದ.

ನಾವೆಲ್ಲ ಕ್ಷೇಮ. ನೀನು ವಿಜಯಪುರದಿಂದ ಕಳಿಸಿದ ಒಣದ್ರಾಕ್ಷಿ ಮುಟ್ಟಿತು. ತಡವಾಗಿ ಬರೆಯುತ್ತಿದ್ದೇನೆಂದು ಸಿಟ್ಟಾಗಬೇಡ; ಈ ಸಲ ಸಿಟ್ಟಾಗುವ ಸರದಿ ನನ್ನದು. ಫೋನು ಮಾಡಿದರೆ "ಗಿರಾಕಿ ಬಂದಾರ, ಆಮ್ಯಾಲ ಮಾಡ್ತೀನಕ್ಕಾ" ಅಂತ ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ.

ನನಗೆ ಕಳಿಸಿದ್ದು ಕರಿಯದು. "ರಕ್ತಕ್ಕ ಭಾಳ ಛಲೋ ಅತ್ತಿ, ರಾತ್ರಿ ನೆನಿ ಹಾಕಿ ತಿನ್ರಿ" ಅಂತ ಡಬ್ಬಿ ತಂದ ನಿನ್ನ ಮಗ ಅಮೋಲ್ ಉಪದೇಶ ಬೇರೆ ಮಾಡಿದ. ನಿಮ್ಮ ಭಾವ ದಿನಾ ಬೆಳಿಗ್ಗೆ ನೆನೆದದ್ದನ್ನು ತಿಂದು, ಆ ನೀರನ್ನೂ ಕುಡಿದು, ಹೊಟ್ಟೆ ಹಗುರಾಯಿತು ಅಂತ ಊರಿಗೆಲ್ಲ ಸಾರುತ್ತಿದ್ದಾರೆ. ನನ್ನ ಹೊಟ್ಟೆ ಮಾತ್ರ ಉರಿಯುತ್ತಿದೆ.

ಸುಳ್ಳೇಕೆ ಹೇಳಲಿ, ಇಲ್ಲೇ ಶಂಶಾಬಾದಿನಲ್ಲಿರುವ ನಮ್ಮ ತಂಗಿ ಕೃಪಾಗೆ ಎಂಥದು ಕಳಿಸಿದ್ದೀ ಅಂತ ನೋಡಲಿಕ್ಕೇ ಮೊನ್ನೆ ಹೋಗಿದ್ದೆ. ಉದ್ದನೆಯ ಹಸಿರು ದ್ರಾಕ್ಷಿ! ತುಪ್ಪದಲ್ಲಿ ಹುರಿದರೆ ಉಬ್ಬಿ ಶಿರಾದ ಮೇಲೆ ಮೆರೆಯುವಂಥದು. ಅವಳಿಗೆ ಶಿರಾದ್ದು, ನನಗೆ ಔಷಧದ್ದೇ? ತವರಿನವರು ಹೀಗೆ ಎರಡು ಬಗೆಯಬಾರದಪ್ಪ. ಇದಕ್ಕಿಂತ ಸುಲ್ತಾನ್ ಬಜಾರಿನ ಅಂಗಡಿಯವನೇ ವಾಸಿ, "ಮಂಚಿ ಕಿಸ್ಮಿಸ್ ಅಮ್ಮಾ" ಅಂತ ಒಳ್ಳೆಯ ದ್ರಾಕ್ಷಿಯನ್ನೇ ಆರಿಸಿ ಕೊಡುತ್ತಾನೆ.

"ನೀನೂ ಒಂದಿಷ್ಟು ಒಯ್ಯಿ ಅಕ್ಕಾ" ಅಂದಳು ಕೃಪಾ. ತವರಿನದನ್ನು ತಂಗಿಯ ಕೈಯಿಂದ ಇಸಿದುಕೊಳ್ಳಲೇ? ಬೇಡ ಅಂದೆ. ಶಿರಾ ಮಾತ್ರ ಎರಡು ಸಲ ಹಾಕಿಸಿಕೊಂಡೆ.

ಇರಲಿ. ನಿನ್ನ ವ್ಯಾಪಾರ ಬೆಳೆಯಲಿ, ಮಕ್ಕಳು ಸುಖವಾಗಿರಲಿ.

ನಿನ್ನ ಅಕ್ಕ,
ವಾಸಂತಿ

ತಾ.ಕ.: ಕರಿಯದೋ ಹಸಿರೋ, ಅದು ಹಾಳಾಗಲಿ. ಕೃಪಾಳ ಡಬ್ಬಿಯಲ್ಲಿ ಒಂದು ದ್ರಾಕ್ಷಿಗೂ ತೊಟ್ಟಿರಲಿಲ್ಲ. ನೀನು ಕಳಿಸುವುದು ಯಾವಾಗಲೂ ತೊಟ್ಟಿನ ಸಮೇತ, ನನ್ನದೂ ಹಾಗೇ ಬಂದಿದೆ. ನೌಕರಿ ಮಾಡುವ ಅವಳಿಗೆ ಬಿಡಿಸಲು ಅಷ್ಟು ಪುರುಸೊತ್ತೆಲ್ಲಿ? ಹಾಗೆ ಕೂತು ಬಿಡಿಸುವವಳು ನಮ್ಮ ಅವ್ವ ಒಬ್ಬಳೇ. "ಅವ್ವ ಬಂದಿದ್ದಳೇನ?" ಅಂತ ಕೇಳಿದೆ. ಕೃಪಾ ತಲೆ ತಗ್ಗಿಸಿ, "ಅಮೋಲನ ಕಾರಿನಾಗ ಬಂದು ನಾಕು ದಿನ ಇದ್ದು ಹೋದ್ಳಕ್ಕಾ. ನಿಂಗ ಹೇಳಬ್ಯಾಡ ಅಂದ್ಳು" ಅಂದಳು. ಅಂದರೆ ನಿನ್ನ ಮಗ ನನ್ನ ಬಾಗಿಲಿಗೆ ಡಬ್ಬಿ ತಂದಾಗ ಅವ್ವ ಇದೇ ಊರಲ್ಲಿದ್ದಳು. ಮೊಣಕಾಲು, ಮೆಟ್ಟಿಲು ಅಂತ ನೆಪ ಹೇಳಬೇಡ, ನಮ್ಮಲ್ಲಿ ಲಿಫ್ಟ್ ಇದೆ. ಡಬ್ಬಿಯಲ್ಲಿ ಉಳಿದದ್ದನ್ನು ಇನ್ನು ನಿಮ್ಮ ಭಾವನಿಗೂ ಕೊಡುವುದಿಲ್ಲ. ತೊಟ್ಟು ಬಿಡಿಸದೆ ಅವಳಿಗಾಗಿ ಹಾಗೇ ಇಟ್ಟಿದ್ದೇನೆ ಅಂತ ಅವ್ವನಿಗೆ ಹೇಳು.