ಮುಖದ ಮೇಲೆ ಟವೆಲ್

ಸೆಪ್ಟೆಂಬರ್ 2, ಮಂಗಳವಾರ. ಬೆಳಿಗ್ಗೆ

ಫ್ರಿಜ್ ಮೇಲೆ 'ಫ್ರಿಜ್' ಎಂಬ ಚೀಟಿ. ಬಾಗಿಲಿಗೆ 'ಬಾಗಿಲು'. ಬಕೆಟ್ಟಿಗೆ 'ಬಕೆಟ್' — ನೀರು ಬಿದ್ದು ಆಗಲೇ ಅರ್ಧ ಅಳಿಸಿದೆ. ನಾನು ಕೂರುವ ಕುರ್ಚಿಗೆ 'ಅಜ್ಜಿ'. ಕಿತ್ತು ಹಾಕಿದೆ. ಈ ಮನೆಯಲ್ಲಿ ಯಾವುದು ಕುರ್ಚಿ, ಯಾರು ಅಜ್ಜಿ ಎಂಬುದು ಗೊತ್ತಿಲ್ಲದವನು ಒಬ್ಬನೇ. ಚೀಟಿ ಅಂಟಿಸಿದವನು. ಅಳಿಯ.

ಮೊಮ್ಮಗಳ ಶಾಲೆಯಿಂದ ಒಂದು ಕಟ್ಟು ಹಾಳೆ ಬಂದಿದೆ. 'ಮನೆಯಲ್ಲೇ ಓದು-ಬರಹ'. ತಟ್ಟೆಯಲ್ಲಿ ಹಿಟ್ಟು ಹರಡಿ ಬೆರಳಿನಿಂದ ಬರೆಸಿ. ಸೋಪಿನ ಕವರ್ ಓದಿಸಿ. ಗೊಂಬೆಗೆ ಕಥೆ ಓದಿ ಹೇಳಲಿ. ಎಲ್ಲಾ ಮನೆಯಲ್ಲೇ ಆದರೆ ಇವರು ಶಾಲೆಯಲ್ಲಿ ಏನು ಮಾಡುತ್ತಾರೆ, ನೊಣ ಹೊಡೆಯುತ್ತಾರೋ? ಕೊನೆಯ ಹಾಳೆಯಲ್ಲಿ ದಪ್ಪ ಅಕ್ಷರ — 'ಮಗು ಓದುವಾಗ ನಡುವೆ ಬಾಯಿ ಹಾಕಬೇಡಿ. ಸುಮ್ಮನೆ ಕೇಳಿಸಿಕೊಳ್ಳಿ.' ಅದನ್ನು ಅಡುಗೆಮನೆಯ ಡಬ್ಬಗಳ ಕೆಳಗೆ ಹಾಸಿದೆ. ಅಲ್ಲಾದರೂ ಉಪಯೋಗಕ್ಕೆ ಬರಲಿ.

ಅರ್ಧ ಆಯುಷ್ಯ ರೈಲ್ವೆ ಸ್ಟೇಷನ್ನಿನಲ್ಲಿ ಮೈಕ್ ಮುಂದೆ ಕೂತವಳು ನಾನು. ಗಾಡಿಗಳು ತಡವಾಗಿ ಬಂದದ್ದುಂಟು, ನನ್ನ ನಾಲಿಗೆ ತಡವರಿಸಿದ್ದಿಲ್ಲ. ಆಮೇಲೆ ಮೆಷಿನ್ ತಂದು ಕೂರಿಸಿದರು. ಅದು ಒಂದೊಂದು ಊರಿನ ಹೆಸರಿಗೂ ಬಿಕ್ಕಳಿಸುತ್ತದೆ. ಯಾರಿಗೂ ಬೇಸರವಿಲ್ಲ. ಅಂಥ ಕಾಲ.

ಸೆಪ್ಟೆಂಬರ್ 3, ಬುಧವಾರ. ಸಂಜೆ

ಕಡ್ಡಿಯನ್ನು ಓದಲು ಕೂರಿಸಿದೆ. ಮೊಮ್ಮಗಳಿಗೆ ಆ ಹೆಸರಿಟ್ಟವಳು ನಾನೇ, ಇರುವುದೇ ಹಾಗೆ. ಎರಡನೇ ಕ್ಲಾಸು. ಆನೆ ಕೊಡೆ ಹುಡುಕಿಕೊಂಡು ಹೋಗುವ ಪಾಠ.

"ಆ... ನೆ... ಗೆ..."

"ಆನೆಗೆ. ಒಟ್ಟಿಗೆ ಹೇಳು."

"ಆನೆಗೆ. ಕೊ..."

"ಕೊಡೆ."

"ಅಜ್ಜಿ, ನಾನೇ ಹೇಳ್ತಿದ್ದೆ."

"ನೀನು ಹೇಳೋ ಹೊತ್ತಿಗೆ ಮಳೆ ನಿಂತುಹೋಗಿರುತ್ತೆ."

ನನ್ನ ಮಾತಿಗೆ ನಾನೇ ನಕ್ಕೆ. ಅವಳು ನಗಲಿಲ್ಲ. ಪುಸ್ತಕ ಮುಚ್ಚಿ, ನೀರು ಕುಡಿಯಬೇಕು ಅಂದಳು. ಆಮೇಲೆ ಬಾತ್‌ರೂಮಿಗೆ ಹೋಗಬೇಕು ಅಂದಳು. ಓದು ಅಂದರೆ ಈ ಮಗುವಿಗೆ ಮೈಯೆಲ್ಲಾ ಕೆಲಸ.

ಅಳಿಯನಿಗೆ ಹೇಳಿದೆ, ಈ ಹಿಟ್ಟಿನಾಟ ಚೀಟಿಯಾಟ ಎಲ್ಲಾ ಸಾಕು ಅಂತ. "ಆಟ ಅಲ್ಲ ಅತ್ತೆ, ಚಟುವಟಿಕೆ," ಅಂದ. ಅಳಿಯ ಅಲ್ಲ, ಮಗಳ ಗಂಡ. ಬ್ರೆಡ್ ಫ್ಯಾಕ್ಟರಿಯಲ್ಲಿ ಒಲೆಯ ಮುಂದೆ ಕೆಲಸ ಅವನಿಗೆ. ಬೆಳಕು ಹರಿಯುವ ಮೊದಲೇ ಹೋಗುತ್ತಾನೆ, ಮಧ್ಯಾಹ್ನ ಬಂದು ಉಂಡು, ಮುಖದ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಹಾಲಿನ ನೆಲದ ಮೇಲೆ ಬಿದ್ದುಕೊಳ್ಳುತ್ತಾನೆ. ಬಾಯಲ್ಲಿ ಅವನಿಗೆ 'ನೀವು' ಅನ್ನುತ್ತೇನೆ. ಇಲ್ಲಿ ಬರೆಯುವಾಗ ಯಾರ ಭಯ.

ಸೆಪ್ಟೆಂಬರ್ 6, ಶನಿವಾರ

ಬೆಳಿಗ್ಗೆ ಮಗಳು ಕೆಲಸಕ್ಕೆ ಹೊರಡುವ ಮೊದಲು ಅವಳ ಫೋನಿನಲ್ಲಿ ಕ್ಲಾಸಿನ ವಾಟ್ಸಾಪ್ ಗ್ರೂಪ್ ನೋಡಿದೆ. ಒಬ್ಬಳಿದ್ದಾಳೆ, ಫೋಟೋ ತಾಯಿ. ದಿನಾ ಫೋಟೋ. ಮಗ ಹಿಟ್ಟಿನಲ್ಲಿ ಬರೆದದ್ದು, ಬಣ್ಣದಲ್ಲಿ ಬರೆದದ್ದು, ಟೂತ್‌ಪೇಸ್ಟ್ ಟ್ಯೂಬ್ ಹಿಡಿದು ಓದುತ್ತಿರುವುದು. ಅಷ್ಟು ನೆಟ್ಟಗಿನ ಅಕ್ಷರ ಆರೇಳು ವರ್ಷದವನು ಬರೆಯುತ್ತಾನೆಯೇ? ಅಮ್ಮನ ಕೈ ಚೆನ್ನಾಗಿ ದುಂಡಗಾಗುತ್ತಿದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ. ಇಲ್ಲಿ ಹಿಟ್ಟೂ ಉಂಟು, ತಟ್ಟೆಯಲ್ಲಿ ಹರಡಿದ್ದಾರೆ. ಪ್ರತಿ ಫೋಟೋಗೂ ಟೀಚರ್ ನಗುವ ಮುಖ ಕಳಿಸುತ್ತಾಳೆ. ಅವಳಿಗೆ ಸ್ಮೈಲಿ ಟೀಚರ್ ಎಂದು ಹೆಸರಿಟ್ಟೆ.

ಸಂಜೆ ಮಗಳು ಅಂಗಡಿಯ ಕೌಂಟರಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಅಂದಳು, "ಅಮ್ಮ, ಟೀಚರ್ ಫೋನ್ ಮಾಡಿದ್ರು. ಕಡ್ಡಿ ಕ್ಲಾಸಲ್ಲಿ ಬಾಯೇ ಬಿಡಲ್ವಂತೆ. ತಿಂಗಳ ಕೊನೆಗೆ ಒಂದು ಪುಟ ಓದದಿದ್ರೆ ಒಂದನೇ ಕ್ಲಾಸಿಗೆ ವಾಪಸ್ ಕೂರಿಸ್ತಾರಂತೆ. ಓದಿದ್ದು ರೆಕಾರ್ಡ್ ಮಾಡಿ ಕಳಿಸಿ ಅಂದ್ರು."

ಅಳಿಯ ಏನೋ ಹೇಳಲು ಬಾಯಿ ತೆರೆದ. "ನಾನು ನೋಡ್ಕೋತೀನಿ," ಅಂದೆ. ಮುಚ್ಚಿಕೊಂಡ.

ನನ್ನ ಮೊಮ್ಮಗಳು, ನನ್ನ ರಕ್ತ, ಒಂದನೇ ಕ್ಲಾಸಿನ ಬೆಂಚಿಗೆ ವಾಪಸ್. ನಾನು ಬದುಕಿರುವಾಗ ಆಗುವ ಮಾತಲ್ಲ.

ಸೆಪ್ಟೆಂಬರ್ 8, ಸೋಮವಾರ

ಆಯಿತು. ನಾನು ಒಂದು ಸಾಲು ಹೇಳಿದೆ, ಅವಳು ಅದನ್ನೇ ಹೇಳಿದಳು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ದನಿ ಎಲ್ಲಿ ಏರಿಸಬೇಕು, ಎಲ್ಲಾ. ಇಡೀ ಪುಟ ಬಾಯಿಗೆ ಬಂತು. ಗಿಳಿಪಾಠ ಅನ್ನುವವರು ಅನ್ನಲಿ. ಗಿಳಿಯಾದರೂ ಮಾತಾಡುತ್ತದೆ. ಅಕ್ಷರ ತಾನಾಗಿ ಹಿಂದೆ ಬರುತ್ತದೆ.

ರೆಕಾರ್ಡ್ ಹೋಯಿತು. ಸ್ಮೈಲಿಯಿಂದ ನಗುವ ಮುಖ, ಚಪ್ಪಾಳೆ, ಹೃದಯ, ಇನ್ನೇನೇನೋ. ಫೋಟೋ ತಾಯಿಗೆ ಉರಿ ಹತ್ತಿರಬೇಕು, 'ಸೂಪರ್' ಅಂತ ಒಂದೇ ಪದ ಹಾಕಿದ್ದಾಳೆ.

ಅಳಿಯ ಕಿವಿಗೆ ಫೋನ್ ಒತ್ತಿ ಕೇಳಿದ. "ಚೆನ್ನಾಗಿದೆ ಅತ್ತೆ. ಆದ್ರೆ ಇದು ನಿಮ್ ದನಿ."

"ದನಿ ಇದ್ದೋರದ್ದು ತಾನೇ ಬರೋದು," ಅಂದೆ.

ಸೆಪ್ಟೆಂಬರ್ 12, ಶುಕ್ರವಾರ

ಬರುವ ಬುಧವಾರ ಶಾಲೆಯಲ್ಲಿ ಪೋಷಕರ ಸಭೆ. ಎಲ್ಲರೆದುರು ಓದುವುದಕ್ಕೆ ಸ್ಮೈಲಿ ಆರಿಸಿದ್ದು ಯಾರನ್ನು? ಕಡ್ಡಿಯನ್ನು. ಫೋಟೋ ತಾಯಿಯ ಮಗನನ್ನಲ್ಲ. ಬಟ್ಟೆ ಇಸ್ತ್ರಿಗೆ ಕೊಟ್ಟೆ.

ಕಡ್ಡಿ ಸಪ್ಪಗಿದ್ದಾಳೆ. "ಹೋಗಲ್ಲ," ಅಂತ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ಹೆಸರಿಗೆ ತಕ್ಕ ಮಾತು. ಸಭಾಕಂಪ, ಹೋಗುತ್ತದೆ. ಆನೆಯ ಪುಟವನ್ನು ಇನ್ನಷ್ಟು ತಿಕ್ಕಿದೆ.

ಸೆಪ್ಟೆಂಬರ್ 17, ಬುಧವಾರ. ಸಂಜೆ

ಆ ಸ್ಮೈಲಿಯ ನಗು ಹಾಳಾಗ. ಪಾಠದ ಪುಸ್ತಕ ಕೊಡುವುದು ಬಿಟ್ಟು ಲೈಬ್ರರಿಯ ಹೊಸ ಪುಸ್ತಕ ಕೊಟ್ಟಳು. "ಇವಳಿಗೆ ಯಾವ್ದಾದ್ರೇನು, ಸಲೀಸಾಗಿ ಓದ್ತಾಳೆ," ಅಂತ ಎಲ್ಲರಿಗೂ ಹೇಳಿದಳು. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ.

ಮೀನಿನ ಕಥೆ. ಪುಟದ ತುಂಬಾ ದೊಡ್ಡ ನೀಲಿ ಮೀನು, ಹಿಂದಿನ ಬೆಂಚಿಗೂ ಕಾಣುವಷ್ಟು. ಕಡ್ಡಿ ಪುಸ್ತಕ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಕತ್ತೆತ್ತಿ, ನನ್ನ ದನಿಯಲ್ಲಿ, ಎಲ್ಲೂ ತಡೆಯದೆ ಶುರು ಮಾಡಿದಳು — ಆನೆಗೆ ಕೊಡೆ ಬೇಕಾಗಿತ್ತು.

ಕೈಯಲ್ಲಿ ಮೀನು, ಬಾಯಲ್ಲಿ ಆನೆ. ಮೊದಲು ಮಕ್ಕಳು ನಕ್ಕರು. ಆಮೇಲೆ ದೊಡ್ಡವರು. ಫೋಟೋ ತಾಯಿ ಫೋನ್ ಎತ್ತಿ ಹಿಡಿದಿದ್ದಳು. ಪಾಪ, ಕಡ್ಡಿ ನಿಲ್ಲಿಸಲಿಲ್ಲ. ನಿಲ್ಲಿಸುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಪುಟ ಪೂರ್ತಿ ಹೇಳಿ ಮುಗಿಸಿ, ಪುಸ್ತಕ ಟೇಬಲ್ ಮೇಲಿಟ್ಟು ಹೊರಗೆ ಹೋದಳು.

ಸ್ಮೈಲಿ ನನ್ನನ್ನು ಪಕ್ಕಕ್ಕೆ ಕರೆದಳು. ಮೊದಲ ಸಲ ನಗುವಿಲ್ಲದ ಮುಖ. "ಅಜ್ಜಿ, ಕಲಿಸಿ ಅಂದ್ರೆ ಹೀಗಲ್ಲ. ಮೂವತ್ತನೇ ತಾರೀಕು ನನ್ನ ಮುಂದೆ ಹೊಸ ಪುಟ ಓದ್ಲಿ. ಆಗ್ಲಿಲ್ಲ ಅಂದ್ರೆ ಒಂದನೇ ಕ್ಲಾಸು."

ಹೊಸ ಪುಸ್ತಕ ಕೊಟ್ಟದ್ದೇ ತಪ್ಪು ಎಂದು ಮನೆಯಲ್ಲಿ ಹೇಳಿದೆ. ಮಗಳು ಪಾತ್ರೆ ಜೋಡಿಸುತ್ತಾ ಅಂದಳು, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ."

ಸೆಪ್ಟೆಂಬರ್ 26, ಶುಕ್ರವಾರ

ಬರೆಯಲು ಮನಸ್ಸಿರಲಿಲ್ಲ. ಕಡ್ಡಿ ನನ್ನ ಮುಂದೆ ಪುಸ್ತಕ ಮುಟ್ಟುತ್ತಿಲ್ಲ. ನಾನು ಕನ್ನಡಕ ಹಾಕಿಕೊಂಡರೆ ಸಾಕು, ಎದ್ದು ಹೋಗುತ್ತಾಳೆ. ಬಯ್ದೆ, ಪೂಸಿ ಹೊಡೆದೆ. ಇಲ್ಲ.

ಇವತ್ತು ಮಧ್ಯಾಹ್ನ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಆತನೇ ಬಂದಿಲ್ಲ. ಬೋರ್ಡಿನಲ್ಲಿ ಬರೆದ ಸಮಯಕ್ಕೆ ಒಬ್ಬ ಡಾಕ್ಟರೂ ಬರುವುದಿಲ್ಲ, ಗಾಡಿಗಳೇ ವಾಸಿ. ವಾಪಸ್ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ದನಿ.

"ಮೀ... ನು. ಮೀನು. ಕ... ಕಲ್ಲಿನ ಕೆ... ಕೆಳ... ಕೆಳಗೆ..."

ಅಳಿಯ ನೆಲದ ಮೇಲೆ ಅಂಗಾತ, ಮುಖದ ಮೇಲೆ ಟವೆಲ್. ಕಡ್ಡಿ ಅವನ ಹೊಟ್ಟೆಗೆ ಒರಗಿ ಕೂತಿದ್ದಾಳೆ, ಮಂಡಿಯ ಮೇಲೆ ಅದೇ ನೀಲಿ ಮೀನಿನ ಪುಸ್ತಕ, ಲೈಬ್ರರಿಯಿಂದ ತಂದಿರಬೇಕು. ಕೋಣನ ಮುಂದೆ ಕಿನ್ನರಿ, ಅಂದುಕೊಂಡೆ. ಕೋಣ ಗೊರಕೆ ಹೊಡೆಯಿತು ಸಹ. ಅವಳು ಚಿವುಟಿದಳು.

"ಹಾಂ. ಕಲ್ಲಿನ ಕೆಳಗೆ. ಆಮೇಲೆ?"

"ಅಪ್ಪ, ಇದೇನು?"

"ನಂಗೆಲ್ಲಿ ಕಾಣುತ್ತೆ ಕಣೆ, ಟವೆಲ್ ಇದೆಯಲ್ಲ. ನೀನೇ ನೋಡಿ ಹೇಳು."

ಪುಸ್ತಕದ ಮೇಲೆ ಬಗ್ಗಿದಳು. ತಪ್ಪು ಹೇಳಿದಳು. ಮತ್ತೆ ತಪ್ಪು. ನನ್ನ ಗಂಟಲಿಗೆ ಆ ಪದ ಬಂದು ಕೂತಿತ್ತು, ಒಂದು ಹೆಜ್ಜೆ ಇಟ್ಟೂ ಬಿಟ್ಟೆ. ಅಷ್ಟರಲ್ಲಿ ಅವಳೇ ಹೇಳಿದಳು, "ಬಚ್ಚಿಟ್ಟು... ಬಚ್ಚಿಟ್ಟುಕೊಂಡಿತು. ಅಪ್ಪ, ಮೀನು ಬಚ್ಚಿಟ್ಕೊಂಡಿದೆ." ಕಥೆಯಲ್ಲಿ ಏನಾಯಿತು ಎಂದು ಅವಳಿಗೆ ಆಗಲೇ ಗೊತ್ತಾದದ್ದು. ಆನೆಗೆ ಕೊನೆಗೆ ಕೊಡೆ ಸಿಕ್ಕಿತೋ ಇಲ್ಲವೋ ಎಂದು ಒಂದು ದಿನ ಕೇಳಿದವಳಲ್ಲ.

ಮೆಟ್ಟಿಲ ಮೇಲೆ ಕೂತೆ. ಪುಟ ಮುಗಿಯುವವರೆಗೂ ಒಳಗೆ ಹೋಗಲಿಲ್ಲ. ಮೆಷಿನ್ ಇದಕ್ಕಿಂತ ಚೆನ್ನಾಗಿ ಓದುತ್ತದೆ. ಆದರೂ ಅಳು ಬಂತು, ಹಲ್ಲುನೋವಿಗಲ್ಲ.

ಸೆಪ್ಟೆಂಬರ್ 27, ಶನಿವಾರ

ಅಳಿಯ ಕೈ ತೊಳೆಯುವಾಗ ಕೇಳಿದೆ. "ಎಷ್ಟು ದಿನದಿಂದ ನಡೀತಿದೆ ಇದು?"

"ಮೊದ್ಲಿಂದ್ಲೂ ಅತ್ತೆ. ಮಧ್ಯಾಹ್ನ ಅವ್ಳು ಸ್ಕೂಲಿಂದ ಬಂದ್ಮೇಲೆ, ನೀವು ರೂಮಲ್ಲಿ ಮಲಗ್ತೀರಲ್ಲ, ಆಗ."

"ನನಗೊಂದು ಮಾತು ಹೇಳಬಾರದಿತ್ತಾ?"

ನಲ್ಲಿಯನ್ನೇ ನೋಡುತ್ತಾ ಅಂದ, "ಹೇಳ್ಬೇಡ ಅಂದ್ಲು. ಅಜ್ಜಿ ಎದ್ದು ಬಂದ್ಬಿಡ್ತಾಳೆ ಅಂತ."

ಟವೆಲ್ಲಿನ ಉಪಾಯ ಎಲ್ಲಿ ಕಲಿತಿರಿ ಅಂದೆ. ಉಪಾಯ ಏನಿಲ್ಲವಂತೆ. ಒಲೆಯ ಮುಂದೆ ನಿಂತು ಕಣ್ಣು ಉರಿಯುತ್ತದಂತೆ. ನೋಡಿ, ಜಾಣತನವೂ ಅಲ್ಲ. ಸೋಮಾರಿಯ ಅದೃಷ್ಟ.

ಕಡ್ಡಿಯನ್ನೂ ಕೇಳಿದೆ. ಮೀನಿನ ಪುಸ್ತಕ ಇಷ್ಟಾದರೂ ಓದಲು ಬರುತ್ತಿತ್ತಲ್ಲ, ಅವತ್ತು ಯಾಕೆ ಆನೆಯದ್ದು ಹೇಳಿದೆ?

"ನೀನು ಮುಂದೇನೇ ಕೂತಿದ್ದೆ," ಅಂದಳು.

ನನ್ನ ಬಾಯಿಗೆ ಬೆಂಕಿ ಬೀಳ.

ಸೆಪ್ಟೆಂಬರ್ 30, ಮಂಗಳವಾರ

ಮಗಳಿಗೆ ರಜೆ ಸಿಗಲಿಲ್ಲ. ನಾನು ಬಟ್ಟೆ ಬದಲಿಸಿಕೊಂಡು ಬಂದೆ. ಕಡ್ಡಿ ಅಪ್ಪನ ಬೆರಳು ಹಿಡಿದು, "ಅಜ್ಜಿ ಬೇಡ," ಅಂದಳು. ಮತ್ತೆ ಹೋಗಿ ಹಳೆಯ ಬಟ್ಟೆ ಹಾಕಿಕೊಂಡೆ. ಮನೆಯೆಲ್ಲಾ ಗುಡಿಸಿದೆ. ಗುಡಿಸಿದ್ದನ್ನೇ ಗುಡಿಸಿದೆ. ಒಂದನೇ ಕ್ಲಾಸಿನ ಬೆಂಚು, ಆ ಗಿಡ್ಡ ಬೆಂಚು, ಅದರಲ್ಲಿ ಇವಳ ಉದ್ದ ಕಾಲು... ಅದೇ ಕಣ್ಣ ಮುಂದೆ.

ಬಂದರು. ಅಳಿಯನ ಮುಖದಿಂದ ಏನೂ ತಿಳಿಯುವುದಿಲ್ಲ, ಅಷ್ಟಗಲ ಇದ್ದೂ ಪ್ರಯೋಜನವಿಲ್ಲ. ಕಡ್ಡಿಯೇ ಹೇಳಿದಳು. ಮೊದಲು ಬಾಯಿ ಬಿಡಲಾಗಲಿಲ್ಲವಂತೆ. ಟೀಚರ್ ಕಾದಳಂತೆ. ಆಗ ಇವನು ಟೀಚರ ಮುಂದೆಯೇ ಕುರ್ಚಿಗೆ ಒರಗಿ, ಕರ್ಚೀಫ್ ಬಿಡಿಸಿ ಮುಖದ ಮೇಲೆ ಹಾಕಿಕೊಂಡನಂತೆ. ಬಾಗಿಲಲ್ಲಿ ಇಣುಕಿದ ಆಯಾ ಓಡಿ ಹೋಗಿ ನೀರು ತಂದಳಂತೆ, ತಲೆ ತಿರುಗಿದೆ ಎಂದುಕೊಂಡು. ಮಾನ ಮೂರು ಕಾಸಿಗೆ.

ಕಡ್ಡಿ ಓದಿದಳು. ನಿಂತು ನಿಂತು, ತಪ್ಪಿ ತಪ್ಪಿ, ಒಂದು ಪುಟ ಪೂರ್ತಿ. ಕಾಗೆಯದ್ದು, ಹೊಸದು. ಎರಡನೇ ಕ್ಲಾಸಿನಲ್ಲೇ ಇರಲಿ ಎಂದಳಂತೆ ಸ್ಮೈಲಿ. ಇರಲಿ, ನಗು ಸ್ವಲ್ಪ ಜಾಸ್ತಿ, ಹೆಂಗಸು ಕೆಟ್ಟವಳಲ್ಲ.

ಡಬ್ಬಗಳನ್ನೆಲ್ಲಾ ಇಳಿಸಿ ಆ ಹಾಳೆ ತೆಗೆದೆ. ಎಣ್ಣೆ ಹತ್ತಿ ಅರ್ಧ ಕಾಣುವುದಿಲ್ಲ. 'ಸುಮ್ಮನೆ' ಅನ್ನುವುದು ಮಾತ್ರ ಚೆನ್ನಾಗಿ ಕಾಣುತ್ತದೆ.

ಅಕ್ಟೋಬರ್ 4, ಶನಿವಾರ. ಮಧ್ಯಾಹ್ನ

ನಿನ್ನೆ ಅಳಿಯನಿಗೆ ಓವರ್‌ಟೈಮ್. ಕಡ್ಡಿ ನನ್ನ ರೂಮಿನ ಬಾಗಿಲಲ್ಲಿ ನಿಂತಳು. "ಬೇಕಾದ್ರೆ ನೀನು ಮಲ್ಕೋ. ಟವೆಲ್ ಹಾಕ್ಕೋಬೇಕು. ಮಾತಾಡ್ಬಾರ್ದು."

ಒಂದು ಸ್ಟೇಷನ್ನನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದವಳು, ನೆಲದ ಮೇಲೆ ಹೆಣದ ಹಾಗೆ. ಟವೆಲ್ಲಿಗೆ ಅಳಿಯನ ಬ್ರೆಡ್ಡಿನ ವಾಸನೆ. ಎರಡನೇ ಸಾಲಿನವರೆಗೆ ತಡೆದೆ. ಆಮೇಲೆ 'ಅಲ್ಲ' ಎಂದುಬಿಟ್ಟೆ, ಮೆತ್ತಗೇ. ಅವಳು ಪುಸ್ತಕ ಮುಚ್ಚಿ ಎದ್ದು ಹೋದಳು. ಟವೆಲ್ ತೆಗೆಯಲು ನಾಚಿಕೆಯಾಗಿ ಹಾಗೆಯೇ ಬಿದ್ದಿದ್ದೆ.

ಕುರ್ಚಿಗೆ ಮತ್ತೆ ಚೀಟಿ ಬಂದಿದೆ. 'ಅಜ್ಜಿ'. ಸೊಟ್ಟ ಸೊಟ್ಟ, ಅವಳದೇ ಕೈ. ಕೀಳಲಿಲ್ಲ.

ಇವತ್ತು ಇನ್ನೊಂದು ಸಲ ನೋಡೋಣ ಅಂದಿದ್ದಾಳೆ. ಕೊನೇ ಸಲವಂತೆ. ಆಮೇಲೆ ಗೊಂಬೆಗೇ ಓದುತ್ತಾಳಂತೆ. ಈ ಸಲ ಟವೆಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು. ನೋವಿರುವ ಕಡೆಯ ಹಲ್ಲಿನಲ್ಲೇ. ಅವಳು ಕಾಗೆಯನ್ನು ಕತ್ತೆ ಅಂದರೂ ಸರಿ, ನಾನು

ಕರೆಯುತ್ತಿದ್ದಾಳೆ. ಬಂದೆ, ಟವೆಲ್ ಎಲ್ಲಿ