ಎದುರು ಬಿಸಿಲು

ಅಪ್ಪಾ,

ನೀನು ತೀರಿಕೊಂಡ ಮೇಲಿನ ಮೊದಲ ಸೀಸನ್ನು ಇವತ್ತು ಶುರುವಾಯಿತು. ವಸಂತದ ಸಮುದ್ರ ಬೆಚ್ಚಗಿತ್ತು. ಮೋಜಿಗೆ ಮೀನು ಹಿಡಿಯಲು ಬಂದವರನ್ನು ಬೆಳಿಗ್ಗೆಯೇ ದೂರ ಕರೆದೊಯ್ದೆ. ಒಬ್ಬರ ಗಾಳಕ್ಕೆ ಆಳುದ್ದದ ಮೀನು ಸಿಕ್ಕಿ, ಸೂರ್ಯನ ಕಡೆಗೇ ಓಡಿತು. ನಾನೂ ದೋಣಿ ತಿರುಗಿಸಿದೆ. ನೀರೆಲ್ಲ ಹೊಸ ತಗಡಿನಂತೆ ಹೊಳೆಯುತ್ತಿತ್ತು, ಗಾಳದ ದಾರ ಕಾಣಲೇ ಇಲ್ಲ. ಅದರ ಮೇಲೇ ದೋಣಿ ಓಡಿಸಿ ತುಂಡು ಮಾಡಿಬಿಟ್ಟೆ. ನಗಬೇಡ.

ಎರಡು ವರ್ಷದ ಹಿಂದೆ ನೀನು ಇದೇ ತಪ್ಪು ಮಾಡಿದಾಗ, "ಕಣ್ಣು ಕಾಣಲ್ಲ ಅಂದ್ರೆ ಮನೇಲಿರಪ್ಪ" ಎಂದು ನಾನು ಗಿರಾಕಿಗಳ ಮುಂದೆಯೇ ಚುಕ್ಕಾಣಿ ಕಿತ್ತುಕೊಂಡಿದ್ದೆ. ಆಮೇಲೆ ನೀನು ದೋಣಿ ಹತ್ತಲಿಲ್ಲ.

ಇವತ್ತು ಮೀನು ಕಳೆದುಕೊಂಡವರು ತಮ್ಮ ಟೋಪಿ ತೆಗೆದು ನನ್ನ ತಲೆಗಿಟ್ಟರು. "ಹೋಗ್ಲಿ ಬಿಡಮ್ಮ, ಎದುರು ಬಿಸಿಲು. ಯಾರಿಗೂ ಕಾಣ್ತಿರಲಿಲ್ಲ."

ಅವರಿಗೆ ನನ್ನ ಹೆಸರೂ ಗೊತ್ತಿರಲಿಲ್ಲ, ಅಪ್ಪಾ.