ಕಾಲುಂಗುರದ ಕೆಳಗಿನ ಕಪ್ಪು

ಶಿರಂಗಾಲ
6 ನವೆಂಬರ್ 2024

ನಮ್ಮ ಅಮೃತಾಳ ಅಪ್ಪನಿಗೆ ನಮಸ್ಕಾರಗಳು.

ಚೆನ್ನಾಗಿದ್ದೀರಾ? ಗಡಿಯಲ್ಲಿ ಆಗಲೇ ಹಿಮ ಬೀಳುತ್ತಿದೆಯಂತೆ. ಅತ್ತೆ ಕೊಟ್ಟ ಮಫ್ಲರನ್ನು ಪೆಟ್ಟಿಗೆಯಲ್ಲಿ ಪೂಜೆಗಿಡದೆ ಕುತ್ತಿಗೆಗೆ ಸುತ್ತಿಕೊಳ್ಳಿ. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ಕಳೆದೆರಡು ಭಾನುವಾರ ಫೋನಿನಲ್ಲಿ ‘ಆರಾಮಿದ್ದೀನಿ’ ಅಂದೆನಲ್ಲ, ಅದು ಸುಳ್ಳು. ನಿಮ್ಮ ದನಿ ಕೇಳಿದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಎಡಗಾಲಿನ ಎರಡನೇ ಬೆರಳಿನಲ್ಲಿ, ಕಾಲುಂಗುರದ ಕೆಳಗೆ ಒಂದು ಕಪ್ಪು ಇತ್ತಲ್ಲ? ಬೆಳ್ಳಿಯ ಕಿಲುಬೆಂದು ವರ್ಷವಿಡೀ ಹುಣಸೆಹಣ್ಣು ಹಾಕಿ ತಿಕ್ಕಿದೆ. ಉಂಗುರ ಬೆಳ್ಳಗಾಯಿತು, ಬೆರಳು ಆಗಲಿಲ್ಲ. ಗದ್ದೆಯಲ್ಲಿ ಕಳೆ ಕೀಳುವಾಗ ಅದು ಒಡೆದು ರಕ್ತ ಬಂತು. ಕುಶಾಲನಗರದ ಡಾಕ್ಟರು ಮೈಸೂರಿಗೆ ಕಳಿಸಿದರು. ಅಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿ ಮೆಲನೋಮ ಅಂದರು. ಚರ್ಮದ ಕ್ಯಾನ್ಸರಂತೆ. ಬೆರಳು ತೆಗೆಯಬೇಕಂತೆ, ಬೇರೆಡೆಗೆ ಹಬ್ಬಿದೆಯೋ ಇಲ್ಲವೋ ಇನ್ನೂ ಹೇಳಲಾಗದಂತೆ. ನನಗೆ ತುಂಬ ಹೆದರಿಕೆಯಾಗುತ್ತಿದೆ ರೀ.

ಅಮೃತಾ ಮೊಬೈಲಿನಲ್ಲಿ ಹುಡುಕಿ ಹುಡುಕಿ ಓದುತ್ತಾಳೆ, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಾಳೆ. ಅಳುವುದು ನನಗೆ ಕೇಳಬಾರದೆಂದು. ಕೊನೆಗೆ ಆಸ್ಪತ್ರೆಯ ನರ್ಸಮ್ಮ ಒಂದು ನಂಬರ್ ಕೊಟ್ಟರು. ನೆಲ್ಯಹುದಿಕೇರಿಯ ಸರೋಜ ಅಂತ, ಎಸ್ಟೇಟಿನಲ್ಲಿ ಕಾಫಿ ಕೊಯ್ಯುವವಳು. ಅವಳಿಗೂ ಇದೇ ಕಾಯಿಲೆ, ಅಂಗಾಲಿನಲ್ಲಿ. ಆಪರೇಷನ್ ಆಗಿ ನಾಲ್ಕು ವರ್ಷ. ನಾನು ಒಂದು ರಿಂಗಾಗುತ್ತಲೇ ಕಟ್ ಮಾಡಿದೆ. ಅವಳೇ ವಾಪಸ್ ಮಾಡಿದಳು. ಮಗಳು ಮೊಬೈಲಿನಲ್ಲಿ ಓದಿ ಅಳುವುದನ್ನೂ ಹೇಳಿದೆ. ‘ನಾನೂ ಹಂಗೇ ಕಟ್ ಮಾಡ್ತಿದ್ದೆ ಅಕ್ಕ. ಮೊದ್ಲು ಮಗಳ ಫೋನ್ ಎತ್ತಿಡಿ. ಕೇಳ್ಬೇಕಾದ್ದೆಲ್ಲ ಚೀಟೀಲಿ ಬರ್ಕೊಂಡು ಡಾಕ್ಟ್ರನ್ನೇ ಕೇಳಣ, ನಾನೂ ಬರ್ತೀನಿ’ ಅಂದಳು. ಕೆಲಸ ಬಿಟ್ಟು ಬಂದೇ ಬಂದಳು. ಡಾಕ್ಟರ ಮುಂದೆ ನನ್ನ ಕೈಯಿಂದ ಚೀಟಿ ಇಸಿದುಕೊಂಡು ತಾನೇ ಓದಿದಳು. ತಡ ಮಾಡಬಾರದು ಅನ್ನುವುದೊಂದು ಸ್ಪಷ್ಟವಾಯಿತು. ಹೆದರಿಕೆ ಹೋಗಿಲ್ಲ, ಹೇಳಿಕೊಳ್ಳಲು ಒಬ್ಬಳು ಸಿಕ್ಕಿದ್ದಾಳೆ ಅಷ್ಟೇ.

ಅತ್ತೆಯ ಆಶೀರ್ವಾದ, ಮಗಳ ಪ್ರೀತಿ ಈ ಕಾಗದದೊಳಗೇ ಇವೆ.

ನಿಮ್ಮ
ಸೌಮ್ಯ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಆಪರೇಷನ್ ಇದೇ ಇಪ್ಪತ್ತೈದು, ಸೋಮವಾರ. ಬೆರಳು ಊದಿ ಉಂಗುರ ಬರುತ್ತಿಲ್ಲ, ಅದನ್ನು ಕತ್ತರಿಸುತ್ತೇವೆ ಎಂದರು ಆಸ್ಪತ್ರೆಯವರು. ಗಂಡ ಗಡಿಯಲ್ಲಿರುವಾಗ ಕಾಲುಂಗುರ ತೆಗೆಯುವುದೇ ಎಂದು ಅತ್ತೆ ಎರಡು ದಿನ ಊಟ ಬಿಟ್ಟರು. ನಿಜ ಹೇಳಲೇ, ಬೆರಳು ಹೋಗುವುದಕ್ಕಿಂತ ನನಗೂ ಅದೇ ಹೆಚ್ಚು ಭಯ. ಆಪರೇಷನ್ನೇ ಬೇಡವೆಂದು ಒಮ್ಮೆ ಬಸ್‌ಸ್ಟ್ಯಾಂಡಿನಿಂದ ವಾಪಸ್ ಬಂದಿದ್ದೆ, ಸರೋಜಳಿಗೂ ಹೇಳಿಲ್ಲ. ತೊಡಿಸಿದ ನಿಮ್ಮ ಕೈಯೇ ಉಂಗುರ ಕತ್ತರಿಸಿ ತೆಗೆದರೆ ದೋಷವಿಲ್ಲ ಎಂದು ಈಗ ಅತ್ತೆ ಒಪ್ಪಿದ್ದಾರೆ. ರಜೆ ಹಾಕಿ ಬನ್ನಿ. ನೀವು ಬರುವವರೆಗೆ ನಾನು ಯಾರ ಕೈಗೂ ಕಾಲು ಕೊಡುವುದಿಲ್ಲ.